ಮಾಬೆಲ್ ಬಾಯಿ ಕಳ್ಳಿಯಲ್ಲ

ಮಗ ತಂದಿಟ್ಟ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದ ಕೂಡಲೇ ಬೀಡಿ ಎಲೆಯ ವಾಸನೆ ಬಂತು. ಬಹರೈನಿನ ಸನದ್‌ನಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಯ ವಾಸನೆ ಎಂದರೆ ನೀವು ನಂಬುತ್ತೀರಾ? ನೋಡಿದರೆ ಒಳಗಿದ್ದದ್ದು ಒಂಬತ್ತು ಇಂಗ್ಲಿಷ್ ಪುಸ್ತಕಗಳು. ಊರಿಗೆ ಹೊರಟ ಯಾವುದೋ ಸಂಸಾರ ಫ್ರಿಜ್ಜು, ಸೈಕಲ್ಲು, ಮಂಚಗಳ ಜೊತೆ ಇವನ್ನೂ ಮಾರಿತ್ತಂತೆ. ಎಷ್ಟು ಬೇಸಗೆ ಮುಚ್ಚಿದ ಕೋಣೆಯಲ್ಲಿ ಬಿದ್ದು ಬೆವರಿದ್ದವೋ. ನಾನು ಒಂದನ್ನು ಎತ್ತಿ ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. ಮೊಮ್ಮಗಳು ಅನ್ವಿ ಬಂದು, ತಿನ್ನುವ ವಸ್ತುವಲ್ಲ ಎಂಬಂತೆ ಮೆಲ್ಲನೆ ಕಿತ್ತುಕೊಂಡಳು.

ಅನ್ವಿಗೆ ಹತ್ತು ವರ್ಷ. ಅವಳ ವಿಷಯ ಹೇಳಲು ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ, ನಿಮಗೆ ಬೇರೆ ಕೆಲಸವಿದ್ದರೆ ಈಗಲೇ ಹೇಳಿಬಿಡಿ. ಮೂಗು ಥೇಟು ನನ್ನದು. ಹಟವೂ ನನ್ನದೇ ಎಂದು ಸೊಸೆ ಶ್ವೇತಾ ಹೇಳುತ್ತಾಳೆ, ಹೊಗಳಿದ್ದೋ ಬೈದದ್ದೋ ನಾನು ವಿಚಾರಿಸಲು ಹೋಗಿಲ್ಲ. ಬುದ್ಧಿ ಮಾತ್ರ ನನ್ನದಲ್ಲ. ನಾನು ಮೂರನೇ ಕ್ಲಾಸು ಪಾಸಾದವಳು. ನಾಲ್ಕಕ್ಕೂ ಹೋಗಿದ್ದೆ, ಅಷ್ಟರಲ್ಲಿ ತಮ್ಮ ಹುಟ್ಟಿ ತೊಟ್ಟಿಲು ತೂಗಲು ಜನ ಬೇಕಾಯಿತು. ಇದನ್ನು ಬರೆಯುತ್ತಿರುವವಳು ನಾನೇ, ಒತ್ತಕ್ಷರಗಳನ್ನು ಸರಿಮಾಡಿದವಳು ಶ್ವೇತಾ.

ನಾನು ಮತ್ತು ಇವರು ಇಲ್ಲಿಗೆ ಬಂದ ಹೊಸದರಲ್ಲಿ ಅನ್ವಿಗೂ ನನಗೂ ಹೆಚ್ಚು ಮಾತಿರಲಿಲ್ಲ. ಅವಳಿಗೆ ಇಂಗ್ಲಿಷು ಸಲೀಸು, ಕನ್ನಡ ಮತ್ತು ತುಳು ಅರ್ಥವಾಗುತ್ತಿತ್ತು, ಆದರೆ ಆಡಲು ನಾಚಿಕೆ. 'ಅಜ್ಜಿ, ಓಕೆ?' ಎಂದು ಅವಳು ಕೇಳುವುದು, 'ಓಕೆ' ಎಂದು ನಾನು ಹೇಳುವುದು. ಹೀಗೇ ಒಂದು ತಿಂಗಳು ಹೋಯಿತು. ನಾನು ಅವಳಿಗೆಂದು ಊರಿನಿಂದ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಹಾಗೇ ಉಳಿದಿದ್ದವು.

ಇಲ್ಲಿ ರಜೆ ಶುಕ್ರವಾರ, ಶನಿವಾರ. ಒಂದು ಭಾನುವಾರ ಶಾಲೆಯಿಂದ ಬಂದವಳು ಒಂಬತ್ತನೇ ಪುಸ್ತಕ ಹಿಡಿದು ಸೋಫಾದ ಮೂಲೆ ಸೇರಿದಳು. ಸ್ವಲ್ಪ ಹೊತ್ತಿನಲ್ಲಿ ಬಿಕ್ಕಿ ಬಿಕ್ಕಿ ಅಳುವ ಶಬ್ದ. ಏನೆಂದು ಕೇಳಿದರೆ ಹೇಳುವುದಿಲ್ಲ. ಸೀಫ್ ಎಂಬಲ್ಲಿ ಆಫೀಸಿನಲ್ಲಿದ್ದ ಮಗನಿಗೆ ಫೋನು ಮಾಡಿ ಕೂಡಲೇ ಬಾ ಎಂದೆ. ಅವನು ಮೀಟಿಂಗು ಬಿಟ್ಟು ಓಡಿ ಬಂದು ನೋಡಿದರೆ, ಪುಸ್ತಕ ಮುಗಿದದ್ದಕ್ಕೆ ಅಳು. ಬರೆದವರು ಇನ್ನು ಮುಂದೆ ಬರೆಯುವುದಿಲ್ಲ ಎಂದು ಕೊನೆಯ ಪುಟದಲ್ಲೇ ಹೇಳಿಬಿಟ್ಟಿದ್ದಾರಂತೆ. 'ಒಂಬತ್ತೇ ಅಜ್ಜಿ, ಖಲಾಸ್' ಎಂದು ಅವಳು ಮೂಗೊರೆಸಿಕೊಂಡಳು. ಮಗ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಅವನು ಹೋದ ಮೇಲೆ ನಾನು ಪಕ್ಕದಲ್ಲಿ ಕೂತು, ಮುಗಿದರೆ ಅಳುವಂಥದ್ದು ಅದರಲ್ಲಿ ಎಂತ ಉಂಟು ಎಂದು ಕೇಳಿದೆ. ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಅವಳು ಹೇಳಿದ್ದು ಇಷ್ಟು. ಒಂದು ದ್ವೀಪ, ಅದರಲ್ಲಿ ಒಂದು ಬೋರ್ಡಿಂಗ್ ಶಾಲೆ. ಅಲ್ಲಿ ಬಾಗಿಲು ಕಾಯುವ ಮುದುಕಿ ಮಾಬೆಲ್. ಮಕ್ಕಳ ಜೇಬಿನಲ್ಲಿ ಗುಟ್ಟಾಗಿ ಜೇನು ಸವರಿದ ರೊಟ್ಟಿ ಇಡುವವಳು. ಮೂರನೇ ಪುಸ್ತಕದ ಕೊನೆಯಲ್ಲಿ ಅವಳು ಶಾಲೆಯ ಬೀಗದ ಕೈಗಳ ಗೊಂಚಲನ್ನೇ ಎತ್ತಿಕೊಂಡು ಮಾಯವಾಗುತ್ತಾಳೆ. ಯಾಕೆ, ಎಲ್ಲಿಗೆ, ಯಾರಿಗೂ ಗೊತ್ತಿಲ್ಲ. ಒಂಬತ್ತರಲ್ಲಿ ತಿಳಿಯುತ್ತದೆ ಎಂದು ಕಾದರೆ ಅಲ್ಲಿ ಅವಳ ಹೆಸರೇ ಇಲ್ಲ.

ಈ ಕಟ್ಟಡದಲ್ಲೇ ಆ ಪುಸ್ತಕಗಳನ್ನು ಓದಿದ ಐದು ಮಕ್ಕಳ ಒಂದು ಕ್ಲಬ್ಬು ಉಂಟು. ಪುಸ್ತಕದಲ್ಲಿ ಬಿಡಿಸದೆ ಬಿಟ್ಟ ಗಂಟುಗಳಿಗೆ ಒಬ್ಬೊಬ್ಬರು ಒಂದೊಂದು ಉತ್ತರ ಹುಡುಕಿ ತರುತ್ತಾರೆ. ಅದಕ್ಕೆ ಥಿಯರಿ ಎನ್ನುತ್ತಾರೆ. ಸಾಕ್ಷಿ ಪುಸ್ತಕದೊಳಗಿನದೇ ಆಗಬೇಕು, ಹೊರಗಿನದು ನಡೆಯುವುದಿಲ್ಲ. ಒಪ್ಪಿಗೆಯಾದ ಉತ್ತರವನ್ನು ಗೋಡೆಯ ಚಾರ್ಟಿನಲ್ಲಿ ಬರೆದರೆ ಮುಗಿಯಿತು, ಮತ್ತೆ ಅಳಿಸುವ ಹಾಗಿಲ್ಲ. ಕ್ಲಬ್ಬಿನ ಉಳಿದ ನಾಲ್ವರೂ ಮಾಬೆಲ್ ಕಳ್ಳಿ, ಕೀಗಳನ್ನು ಕಡಲ್ಗಳ್ಳರಿಗೆ ಮಾರಿದಳು ಎನ್ನುತ್ತಾರೆ. ಅನ್ವಿ ಒಬ್ಬಳೇ ಅಲ್ಲ ಎನ್ನುತ್ತಾಳೆ. ಬರುವ ಶುಕ್ರವಾರದೊಳಗೆ ಅವಳು ಸಾಕ್ಷಿ ತರದಿದ್ದರೆ ಚಾರ್ಟಿನಲ್ಲಿ ಕಳ್ಳಿ ಎಂದೇ ಬೀಳುತ್ತದೆ.

'ಅವಳು ಕದಿಯುವವಳು ಅಲ್ಲ ಅಜ್ಜಿ. ನಂಗೆ ಗೊತ್ತು. ಆದ್ರೆ ಪ್ರೂಫ್ ಇಲ್ಲ' ಎಂದಳು. ಒಮ್ಮೆಗೇ ಅಷ್ಟು ಕನ್ನಡ ಅವಳ ಬಾಯಿಂದ ಬಂದದ್ದು ಅದೇ ಮೊದಲು.

ನನಗೆ ಬಂದ ಖುಷಿಗೆ, ಆ ಮುದುಕಿ ಇಡೀ ದ್ವೀಪವನ್ನೇ ಕದ್ದಿದ್ದರೂ ನಾನು ಅವಳ ಪರ ನಿಲ್ಲುತ್ತಿದ್ದೆ. ಮೊದಲಿಂದ ಓದಿ ಹೇಳು, ಇಬ್ಬರೂ ಹುಡುಕುವ ಎಂದೆ. ಊರಿನಲ್ಲಿ ಕ್ರಿಶ್ಚನ್ ಹೆಂಗಸರನ್ನು ಕರೆಯುವ ಹಾಗೆ ನಾನು ಅವಳನ್ನು ಮಾಬೆಲ್ ಬಾಯಿ ಎಂದು ಕರೆಯತೊಡಗಿದೆ. ಅನ್ವಿಗೆ ಅದು ಬಹಳ ಹಿಡಿಸಿತು.

ಅವಳು ಒಂದು ಪುಟ ಓದುವುದು, ಗೊತ್ತಿದ್ದ ಕನ್ನಡದಲ್ಲಿ ಹೇಳುವುದು. ಕೈ ಖಾಲಿ ಇಟ್ಟುಕೊಂಡು ಕಥೆ ಕೇಳಿ ನನಗೆ ಅಭ್ಯಾಸವಿಲ್ಲ. ಅವಳ ಬಟ್ಟೆ ಮಡಚಿದೆ, ಪೆನ್ಸಿಲುಗಳನ್ನು ಚೂಪು ಮಾಡಿದೆ. ಅದೂ ಮುಗಿದಾಗ ಮೇಜಿನ ಮೇಲೆ ಬಣ್ಣ ತುಂಬದ ಒಂದು ನಕ್ಷೆ ಕಂಡಿತು. ಮಗು ನನಗಾಗಿ ಓದುತ್ತಿದೆ, ಅದರ ಕೆಲಸ ಬಾಕಿ ಆಗಬಾರದಲ್ಲ ಎಂದು ಅದಕ್ಕೂ ಬಣ್ಣ ತುಂಬಿದೆ. ಕಡಲಿಗೆ ಹಸಿರು ಹಚ್ಚಿದೆ, ನಮ್ಮ ಮಲ್ಪೆಯ ಕಡಲು ಮಳೆಗಾಲ ಕಳೆದ ಮೇಲೆ ಹಾಗೇ ಇರುವುದು. ಮಂಗಳವಾರ ಟೀಚರು ನಕ್ಷೆಯನ್ನು ವಾಪಸು ಕಳಿಸಿದರು. ಶ್ವೇತಾ ಅದನ್ನು ನನ್ನ ಮುಂದೆ ಹಿಡಿದು, 'ಅತ್ತೆ, ಇಲ್ಲಿ ಅವಳ ಕೆಲ್ಸ ಅವಳೇ ಮಾಡ್ಬೇಕು. ನೀವು ಮಾಡಿದ್ರೆ ಕಾಪಿ ಅಂತಾರೆ' ಎಂದಳು. ಹೊಸ ನಕ್ಷೆಗೆ ಬಣ್ಣ ತುಂಬುತ್ತಾ ಅನ್ವಿ ಕೇಳಿದಳು, ಅಜ್ಜಿ ಯಾಕೆ ಹೀಗೆ ಮಾಡಿದ್ದು ಎಂದು. ಆಗ ಗಿರಿಜಕ್ಕನ ಕಥೆ ಹೇಳಬೇಕಾಯಿತು.

ಮದುವೆಯಾದ ಹೊಸದರಲ್ಲಿ ನಾವು ಆರು ಮಂದಿ ಹೆಂಗಸರು ಗಿರಿಜಕ್ಕನ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆವು. ಮಡಿಲಲ್ಲಿ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ ಮತ್ತು ಹೊಗೆಸೊಪ್ಪಿನ ಪುಡಿ. ಏಳನೆಯ ತನಕ ಕಲಿತವಳು ಗಿರಿಜಕ್ಕ ಒಬ್ಬಳೇ. ಟೀಚರಮ್ಮನ ಮನೆಯಿಂದ ವಾರಪತ್ರಿಕೆ ಎರವಲು ತಂದು ಅದರಲ್ಲಿ ಬರುವ ಧಾರಾವಾಹಿಯನ್ನು ನಮಗೆ ಓದಿ ಹೇಳುತ್ತಿದ್ದಳು. ಓದುವ ಹೊತ್ತಿನಲ್ಲಿ ಅವಳ ಕೈ ನಿಲ್ಲುತ್ತದಲ್ಲ, ಅದಕ್ಕೆ ಓದು ಮುಗಿದ ಮೇಲೆ ನಾವೆಲ್ಲ ಒಂದೊಂದು ಹಿಡಿ ಬೀಡಿಯನ್ನು ಅವಳ ಗೆರಸೆಗೆ ಹಾಕುತ್ತಿದ್ದೆವು. ಅದು ನಮ್ಮ ಕ್ರಮ. ಮುಂದಿನ ವಾರ ಏನಾಗುತ್ತದೆ ಎಂದು ಆರು ದಿನ ಜಗಳ. ನಮ್ಮದೂ ಒಂದು ಕ್ಲಬ್ಬೇ ಎನ್ನಿ, ಚಾರ್ಟು ಇರಲಿಲ್ಲ.

ಕಥೆಯಲ್ಲಿ ವನಜಾ ಎಂಬವಳ ಗಂಡ ಹಡಗಿನ ಕೆಲಸಕ್ಕೆ ಹೋದವನು ಪತ್ತೆ ಇಲ್ಲ. ಅದೇ ಸಮಯದಲ್ಲಿ ಮುಂಬಯಿಯ ಹೋಟೆಲಿನಲ್ಲಿದ್ದ ನನ್ನ ಗಂಡನ ಕಾಗದವೂ ನಿಂತುಹೋಗಿತ್ತು. ಐದು ತಿಂಗಳು. ಹಗಲು ಹೇಗೋ ಎಲೆ ಕತ್ತರಿಸುತ್ತಿದ್ದೆ. ವಾರಕ್ಕೊಮ್ಮೆ, ವನಜಾ ಕಾದು ಕೂತಿದ್ದಾಳೆ ಎಂದು ಕೇಳಿದಾಗ ಮಾತ್ರ ನನ್ನ ಕೈಯಲ್ಲಿ ನೂಲು ತುಂಡಾಗುತ್ತಿತ್ತು. ಅಷ್ಟರಲ್ಲಿ ಟೀಚರಮ್ಮನಿಗೆ ವರ್ಗವಾಯಿತು. ಆದರೆ ಗಿರಿಜಕ್ಕ ಹೇಗೋ ಪತ್ರಿಕೆ ಸಂಪಾದಿಸಿದಳು. ಮತ್ತೆ ನಾಲ್ಕು ವಾರ ಓದಿದಳು. ನಾಲ್ಕನೆಯ ವಾರ ವನಜಾಳ ಗಂಡ ಬಂದ. ಅವನಿಗೆ ಕಾಯಿಲೆಯಾಗಿತ್ತು, ಬೇರೆಯವರ ಕೈಯಿಂದ ಕಾಗದ ಬರೆಸಲು ನಾಚಿಕೆ, ಅಷ್ಟೇ. ಅದನ್ನು ಕೇಳಿದ ದಿನ ನಾನು ತಿಂಗಳುಗಳ ನಂತರ ಹೊಟ್ಟೆ ತುಂಬ ಉಂಡೆ. ಮಳೆ ಹಿಡಿಯುವ ಮೊದಲು ನನ್ನ ಗಂಡನೂ ಬಂದರು. ಅವರಿಗೆ ಟೈಫಾಯಿಡ್ ಆಗಿತ್ತು. ಅದೇ ಮನುಷ್ಯ ಈಗ ಈ ಫ್ಲ್ಯಾಟಿನ ಸೋಫಾದ ಮೇಲೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ.

ಅನ್ವಿ ಅಜ್ಜನನ್ನು ಒಮ್ಮೆ ನೋಡಿದಳು. ಆಮೇಲೆ ಬಣ್ಣದ ಪೆನ್ಸಿಲು ಕೆಳಗಿಟ್ಟು ನನ್ನನ್ನು ವಿಚಾರಣೆ ಮಾಡತೊಡಗಿದಳು. ಟೀಚರ್ ಹೋದ ಮೇಲೆ ಪತ್ರಿಕೆ ಯಾರು ಕೊಟ್ಟದ್ದು? ಗೊತ್ತಿಲ್ಲ. ಆ ಪತ್ರಿಕೆ ನೋಡಲು ಹೇಗಿತ್ತು? ಮುಖಪುಟದಲ್ಲಿ ಹಳದಿ ಸೀರೆಯ ಹೆಂಗಸು, ತಲೆಯಲ್ಲಿ ಅಬ್ಬಲಿಗೆ ಹೂ. ಯಾವ ವಾರದ್ದು? ನಾನು ಯೋಚಿಸಿದೆ. ವನಜಾಳ ಗಂಡ ಬಂದ ವಾರವೂ ಅದೇ ಹಳದಿ ಸೀರೆ. ಅದರ ಹಿಂದಿನ ವಾರವೂ ಅದೇ.

'ಆಗ ಬೀಡಿ ಕೊಟ್ರಾ ಅವರಿಗೆ?'

ಇದು ನನಗೆ ಮರೆತೇಹೋಗಿತ್ತು. ಆ ನಾಲ್ಕು ವಾರ ಗಿರಿಜಕ್ಕ ಬೀಡಿ ತೆಗೆದುಕೊಳ್ಳಲಿಲ್ಲ. ಹಾಕಲು ಹೋದರೆ ಗೆರಸೆಗೆ ಸೆರಗು ಮುಚ್ಚಿ, ಈಗ ಬೇಡ, ಈಗ ಬೇಡ ಎನ್ನುತ್ತಿದ್ದಳು.

ಅನ್ವಿ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. 'ಅಜ್ಜಿ, ಅವರು ಓದ್ಲಿಲ್ಲ. ಹಳೇ ಬುಕ್ ಹಿಡ್ಕೊಂಡು ಕಥೆ ಮಾಡಿದ್ರು. ನಿಮ್ಗೋಸ್ಕರ.'

ನಾನು ಆ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಪತ್ರಿಕೆಯಲ್ಲೇ ಬಂದಿತ್ತು ಎಂದು ಆಣೆ ಹಾಕಿದ್ದೂ ಉಂಟು. ಇಷ್ಟು ವರ್ಷ ನನಗೆ ಹೊಳೆಯದ್ದನ್ನು ಈ ಹತ್ತು ವರ್ಷದ ಪೋರಿ ನಾಲ್ಕು ಪ್ರಶ್ನೆಯಲ್ಲಿ ಹಿಡಿದಳಲ್ಲ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಮಾಡುತ್ತಿರುವಾಗಲೇ ತಲೆಯೊಳಗೆ ಏನೋ ಕದಲಿತು. ಗಿರಿಜಕ್ಕ ಹೇಳದೆ ಮಾಡಿದಳು. ಮಾಬೆಲ್ ಬಾಯಿಯೂ ಹೇಳದೆ ಹೋದಳು. ಹಾಗಾದರೆ ಅವಳು ಎಂತದ್ದು ಹೊತ್ತುಕೊಂಡು ಹೋದಳು ಎಂದು ನೋಡುವುದಲ್ಲ, ಅವಳು ಹೋದ ಮೇಲೆ ಯಾರಿಗೆ ಒಳ್ಳೆಯದಾಯಿತು ಎಂದು ನೋಡಬೇಕು.

'ಆ ಕೀಗಳಲ್ಲಿ ಯಾವ್ಯಾವುದಕ್ಕೆ ಬೀಗ ಹಾಕ್ತಿದ್ರು ಮಗಾ?' ಎಂದು ಕೇಳಿದೆ.

ಗೇಟು, ಅಡುಗೆಮನೆ, ಪುಸ್ತಕದ ಕೋಣೆ ಎಂದು ಬೆರಳು ಮಡಚುತ್ತಿದ್ದವಳು ಅಲ್ಲೇ ನಿಂತಳು. ತಪ್ಪು ಮಾಡಿದ ಮಕ್ಕಳನ್ನು ಕೂಡಿ ಹಾಕುವ ಒಂದು ಕತ್ತಲೆ ಕೋಣೆಯೂ ಇತ್ತು. ಕಣ್ಣು ಅಷ್ಟಗಲ ಮಾಡಿ ಪುಸ್ತಕಗಳ ಕಡೆ ಓಡಿದಳು. ಬುಧವಾರ ಗುರುವಾರ ಮನೆಯಲ್ಲಿ ಬೇರೆ ಮಾತಿಲ್ಲ. ಒಂಬತ್ತೂ ಪುಸ್ತಕಗಳನ್ನು ಪುಟ ಬಿಡದೆ ಹುಡುಕಿದಳು, ಸಿಕ್ಕಿದಲ್ಲೆಲ್ಲ ನಾನು ಕಾಗದದ ಚೂರು ಇಟ್ಟೆ. ಮೊದಲ ಮೂರರಲ್ಲಿ ಆ ಕತ್ತಲೆ ಕೋಣೆ ಏಳು ಸಲ ಬಂತು. ನಂತರದ ಆರು ಪುಸ್ತಕಗಳಲ್ಲಿ ಒಂದು ಮಗುವನ್ನೂ ಒಮ್ಮೆಯೂ ಕೂಡಿ ಹಾಕಿಲ್ಲ.

ಶುಕ್ರವಾರ ಸಂಜೆ ಅನ್ವಿ ನನ್ನನ್ನೂ ಕರೆದುಕೊಂಡು ಹೋದಳು. ಕ್ಲಬ್ಬು ಸೇರುವುದು ಮೇಲಿನ ಮಹಡಿಯ ಜೊವಿಟಾಳ ಮನೆಯಲ್ಲಿ. ಅವಳು ಕೊಂಕಣಿ ಮಾತಾಡುವ ಮನೆಯ ಹುಡುಗಿ, ಹನ್ನೆರಡು ವರ್ಷ, ಕ್ಲಬ್ಬಿನ ಮುಖಂಡಿ, ವಕೀಲರ ಹಾಗೆ ಕನ್ನಡಕ. ನನಗೆ ಕುರ್ಚಿ ಹಾಕಿ ಜ್ಯೂಸು ಕೊಟ್ಟಳು, ಆದರೆ ಮುಖ ಸಡಿಲಿಸಲಿಲ್ಲ. ಅನ್ವಿ ಪುಸ್ತಕಗಳನ್ನು ಸಾಲಾಗಿಟ್ಟು ಒಂದೊಂದೇ ಚೂರು ತೆಗೆದು ತೋರಿಸಿದಳು. ಮಕ್ಕಳು ಮುಖ ಮುಖ ನೋಡಿಕೊಂಡರು. ಜೊವಿಟಾ ಎಲ್ಲ ಪುಟಗಳನ್ನೂ ತಾನೇ ಪರೀಕ್ಷೆ ಮಾಡಿದಳು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿ, ಅದನ್ನು ನನಗಾಗಿ ಕನ್ನಡದಲ್ಲೂ ಹೇಳಿದಳು, 'ಒಳ್ಳೇದಕ್ಕೇ ಮಾಡಿದ್ದಾದ್ರೆ ಹೇಳಿ ಹೋಗ್ಬಹುದಿತ್ತಲ್ಲ ಅಜ್ಜಿ?'

ನಾನು ಬಾಯಿ ತೆರೆಯುವ ಮೊದಲೇ ಅನ್ವಿ ಎದ್ದು ನಿಂತಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಎರಡೇ ಮಾತು, ಬೀಡಿ ಮತ್ತು ಗಿರಿಜಕ್ಕ. ಐದು ನಿಮಿಷ ಹೇಳಿದಳು. ಹತ್ತಿರದ ಮಸೀದಿಯ ಬಾಂಗು ಕೇಳಿಸಿತು, ಮುಗಿಯಿತು, ಮಕ್ಕಳು ಕದಲಲಿಲ್ಲ. ಒಂದು ಹುಡುಗಿ ಮಾತ್ರ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಹೊರಗಿನ ಸಾಕ್ಷಿ ನಡೆಯುವುದಿಲ್ಲ ಎಂಬ ಕಾನೂನು ಯಾರಿಗೂ ನೆನಪಾಗಲಿಲ್ಲ. ಅಥವಾ ಜೊವಿಟಾ ನೆನಪಿದ್ದೂ ಸುಮ್ಮನಿದ್ದಳೋ. ಅವಳು ಎದ್ದು ಚಾರ್ಟಿನಲ್ಲಿ ಏನೋ ಬರೆದಳು. ಎಂತ ಬರೆದದ್ದು ಎಂದು ಅನ್ವಿಯ ಕಿವಿಯಲ್ಲಿ ಕೇಳಿದೆ. ಮಾಬೆಲ್ ಎಲ್ಲಿದ್ದಾಳೆ ಗೊತ್ತಿಲ್ಲ, ಕಳ್ಳಿ ಅಲ್ಲ, ಎಂದು. ಮೆಟ್ಟಿಲು ಇಳಿಯುವಾಗ ಅನ್ವಿ ನನ್ನ ಕೈ ಹಿಡಿದುಕೊಂಡಿದ್ದಳು. ಲಿಫ್ಟು ಇತ್ತು. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ನಿನ್ನೆ ಸಂಜೆ ಗಿರಿಜಕ್ಕನಿಗೆ ಫೋನು ಮಾಡಿದೆ. ಅವಳಿಗೆ ಎಂಬತ್ತು ದಾಟಿದೆ, ಕಾರ್ಕಳದಲ್ಲಿ ಮಗಳ ಮನೆಯಲ್ಲಿದ್ದಾಳೆ. ವಿಷಯ ಹೇಳಿದೆ. ಅವಳಿಗೆ ನಗು. ನಗುತ್ತಾ ಕೆಮ್ಮು ಬಂದು, ಮಗಳು ನೀರು ತಂದು, ಅದನ್ನು ಕುಡಿದು, ಇನ್ನೂ ನಗು.

'ನಿನ್ನ ಮೊಮ್ಮಗಳು ಪೊಲೀಸಾ ಮಾರಾಯ್ತಿ?' ಎಂದಳು.

ಹಾಗಾದರೆ ಪತ್ರಿಕೆಯಲ್ಲಿ ಕಥೆ ನಿಜವಾಗಿ ಹೇಗೆ ಮುಗಿಯಿತು ಎಂದು ಕೇಳಿದೆ.

'ನಂಗೆಂತ ಗೊತ್ತು. ಆಮೇಲೆ ಎಲ್ಲಿ ಆ ಪತ್ರಿಕೆ ಕಂಡ್ರೂ ನಾನು ಬಿಚ್ಚಿ ನೋಡ್ಲಿಲ್ಲ. ಅವ ಬರ್ಲೇ ಇಲ್ಲ ಅಂತ ಇದ್ರೆ?'

ಅನ್ವಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಒಂದು ಹೊಸ ನೋಟ್‌ಬುಕ್ಕು ತೆರೆದಳು. 'ಗಿರಿಜ ಅಜ್ಜಿ, ನಾನು ಅನ್ವಿ. ವನಜಾ ಕಥೆ ಮೊದಲಿಂದ ಹೇಳಿ. ನಿಧಾನ ಹೇಳಿ, ನಂಗೆ ಬರೀಬೇಕು' ಎಂದಳು. ಇಷ್ಟನ್ನೂ ಕನ್ನಡದಲ್ಲೇ ಹೇಳಿದಳು, ಒಂದು ಸಲವೂ ನನ್ನ ಮುಖ ನೋಡದೆ.

ಆ ಕಡೆಯಿಂದ ಗಂಟಲು ಸರಿಮಾಡಿಕೊಂಡ ಶಬ್ದ. ಆಮೇಲೆ ಆ ಓದುವ ಸ್ವರ, ಸ್ವಲ್ಪ ನಡುಗುತ್ತಿತ್ತು, ಆದರೆ ಅದೇ. ಊರಿನ ಕೊನೆಯಲ್ಲಿ ಒಂದು ಹೆಂಚಿನ ಮನೆ, ಅದರಲ್ಲಿ ವನಜಾ ಎಂಬ ಹುಡುಗಿ. ಮುಂದೇನೆಂದು ನನಗೆ ಬಾಯಿಪಾಠ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅನ್ವಿ ಬರೆಯುತ್ತಿದ್ದ ಹಾಗೇ, ತಲೆ ಎತ್ತದೆ, ಎಡಗೈ ಚಾಚಿ ನನ್ನ ಬಾಯಿ ಮುಚ್ಚಿದಳು.