ಮೈಸೂರು ಮಸಾಲಾದವರೆಗೆ ಒಂದೇ ಉಸಿರು

ಕರ್ಪೂರ ಹಾಕಿ ಬಿಸಿ ಮಾಡಿದ ತೆಂಗಿನೆಣ್ಣೆಯ ವಾಸನೆ ಎಲ್ಲಿ ಬಂದರೂ ಚೆಂಬೂರಿನ ನಮ್ಮ ಸಾಲುಮನೆಯ ಚಾಳಿನ ಆ ಮಧ್ಯಾಹ್ನ ನೆನಪಾಗುತ್ತದೆ. ನಿಮಗೂ ಹೀಗೆ ನೆನಪು ತರುವ ವಾಸನೆಯೊಂದು ಇರಬಹುದು. ಮರುದಿನ ಶಾಲೆಗಳ ನಡುವಿನ ಓಟದ ಸ್ಪರ್ಧೆಗೆ ಆಯ್ಕೆಯಿತ್ತು. ನನ್ನನ್ನು ಓಡಿಸುತ್ತಿದ್ದವರು ಮಾಮ, ಅಮ್ಮನ ತಮ್ಮ. ನಮ್ಮ ಜೊತೆಗೇ ಇದ್ದು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ವೇಟರ್ ಆಗಿದ್ದರು. ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ನಡುವೆ ಬಂದು, ಲುಂಗಿ ಎತ್ತಿ ಕಟ್ಟಿ, ಮೈದಾನದಲ್ಲಿ ನನ್ನ ಹಿಂದೆ ಓಡುತ್ತಿದ್ದರು. ಗಿರಾಕಿಯ ಮುಂದೆ ಅವರು ಒಂದೇ ಉಸಿರಿಗೆ ಹೇಳುವ ತಿಂಡಿಗಳನ್ನು ನಾನು ಓಡುತ್ತಲೇ ಹೇಳಬೇಕಿತ್ತು: "ಇಡ್ಲಿ, ಮೆದುವಡಾ, ಉಪ್ಮಾ, ಶೀರಾ, ಸಾದಾ, ಮಸಾಲಾ, ಮೈಸೂರು ಮಸಾಲಾ." ಶೀರಾದಲ್ಲೇ ಉಸಿರು ಕಟ್ಟಿದರೆ ನಿಧಾನ. ಕೊನೆ ಮುಟ್ಟಿದರೆ ಹಿಂದಿನಿಂದ "ಔರ್ ಕ್ಯಾ?" ಎಂದು, ಮತ್ತೇನಿದೆ ಎನ್ನುವ ಗಿರಾಕಿಯ ಹಾಗೆ ಕೇಳುವರು; ಆಗ ಓಟ ಜೋರು. ಕ್ರಿಕೆಟ್ ಆಡುವ ಹುಡುಗರು "ದೀದೀ, ಏಕ್ ಮಸಾಲಾ ಪಾರ್ಸಲ್" ಎಂದು ಕೂಗುತ್ತಿದ್ದರು.

ಆ ದಿನ ಪಟ್ಟಿ ಸಲೀಸಾಗಿ ಮುಗಿಯಿತು. "ಔರ್ ಕ್ಯಾ?" ಎಂದರು ಮಾಮ. ಆದರೆ ನನ್ನ ಎಡಗಾಲಿನ ಮೀನಖಂಡದಲ್ಲಿ ಏನೋ ಎಳೆಯುತ್ತಿತ್ತು.

"ಮಾಮ, ಓಡಲಾ, ಬೇಡವಾ?"

"ನನ್ನತ್ರ ಕೇಳ್ತೀಯಾ? ಕಾಲು ಯಾರದ್ದು ಮಾರಾಯ್ತಿ?"

"ನಂದೇ. ಅದು ಸಾಕು ಅಂತದೆ."

"ಮತ್ತೆ? ಸಾಕು ಅಂದ ಗಿರಾಕಿಗೆ ಒತ್ತಾಯ ಮಾಡಿ ಬಡಿಸ್ಲಿಕ್ಕುಂಟಾ?"

ನಾನು ನಿಂತೆ. ಯಾರೂ ಹೇಳದೆ ನಾನಾಗಿಯೇ ನಿಂತದ್ದು ಅದೇ ಮೊದಲು. ಮನೆಗೆ ಬಂದು ಮಾಮ ಎಣ್ಣೆ ಬಿಸಿ ಮಾಡಿ ಕಾಲಿಗೆ ತಿಕ್ಕಿದರು. "ನಾಳೆ ಓಟ, ಇವತ್ತು ಮಾಮನಿಗೂ ಸೊಸೆಗೂ ಎಣ್ಣೆಸ್ನಾನ" ಎಂದು ಅಮ್ಮ ನಕ್ಕಳು. ಹೋಟೆಲಿಗೆ ತಡವಾಯಿತೆಂದು ಮಾಮ ಎಣ್ಣೆ ಕೈಯನ್ನು ಲುಂಗಿಗೇ ಒರೆಸಿಕೊಂಡು ಓಡಿದರು.

ಮರುದಿನ ಕಾಲು ಹಗುರವಾಗಿತ್ತು. ನಾನು ಆಯ್ಕೆಯಾದೆ. ಹೇಳಲು ಓಡಿ ಬಂದರೆ ನಮ್ಮ ಬಾಗಿಲ ಮುಂದೆಲ್ಲ ಚಪ್ಪಲಿ. ಬೆಳಗಿನ ಗಿರಾಕಿಗಳ ನಡುವೆ ಕುಸಿದ ಮಾಮ ಮತ್ತೆ ಏಳಲಿಲ್ಲ.

ಈಗ ಆ ಚಾಳು ಇಲ್ಲ, ಅಲ್ಲೊಂದು ಎತ್ತರದ ಬಿಲ್ಡಿಂಗ್ ಇದೆ. ನಾನು ಪವಾಯಿ ಕೆರೆಯ ಪಕ್ಕ ಓಡುತ್ತೇನೆ. ಮಗಳು ಕೊಡಿಸಿದ, ಹೆಜ್ಜೆ ಎಣಿಸುವ ಕೈಗಡಿಯಾರ ಇನ್ನೂ ಓಡು ಎನ್ನುತ್ತದೆ. ಕಾಲು ಸಾಕು ಎಂದರೆ ಕಾಲಿನ ಮಾತನ್ನೇ ಕೇಳುತ್ತೇನೆ. ತಿಂಡಿಗಳ ಹೆಸರನ್ನೂ ಹೇಳುತ್ತೇನೆ. "ಮಮ್ಮಿ, ಲೋಗ್ ದೇಖ್ ರಹೇ ಹೈಂ" ಎಂದು ಮಗಳು, ಜನ ನೋಡುವುದಕ್ಕೆ ನಾಚಿ, ಮುಂದೆ ಓಡುತ್ತಾಳೆ. ಮೈಸೂರು ಮಸಾಲಾದವರೆಗೂ ನನ್ನ ಉಸಿರು ಈಗಲೂ ಸಾಲುತ್ತದೆ. ಹಿಂದಿನಿಂದ "ಔರ್ ಕ್ಯಾ?" ಎಂದು ಕೇಳುವ ಮಾಮ ಇಲ್ಲ.