‘ಹಿಂದೆ ಸರಿ’ಗೆ ಹತ್ತಕ್ಕೆ ಹತ್ತು

ಮೇಲಿಂದ ಕೊಂಬೆ ಬೀಳುತ್ತಿದೆ. ಕೆಳಗೆ ನಿಂತ ಮನುಷ್ಯ ಓಡುತ್ತಿಲ್ಲ. ಎದೆ ಸೆಟೆಸಿ, ಸ್ಪಷ್ಟವಾಗಿ, ಜೋರಾಗಿ ಹೇಳುತ್ತಿದ್ದಾನೆ: ‘ಹಿಂದೆ ಸರಿ!’

ಹಾಗೆ ಹೇಳುವುದನ್ನು ಅವನಿಗೆ ಕಲಿಸಿದವನು ನಾನೇ.

ಕಳೆದ ಮಂಗಳವಾರದ ಮಾತು. ಇವತ್ತಿಗೂ ನಡುರಾತ್ರಿ ಎಚ್ಚರವಾಗುತ್ತದೆ. (ಕಾಫಿ ಕಡಿಮೆ ಮಾಡಿ ಅನ್ನುತ್ತಾಳೆ ನನ್ನ ಹೆಂಡತಿ. ಕಾಫಿ ಏನು ಮಾಡಿತು, ಪಾಪ?)

ಬಾಳೂರಿನ ಹತ್ತಿರದ ಒಂದು ಎಸ್ಟೇಟಿಗೆ ಅಸ್ಸಾಮಿನಿಂದ ಕೆಲಸಗಾರರು ಬಂದಿದ್ದಾರೆ. ಭಾನುವಾರ ನಾನು ಅವರಿಗೆ ಕನ್ನಡ ಕಲಿಸುತ್ತೇನೆ. ಕಾಫಿ ಒಣಗಿಸುವ ಕಣವೇ ಕ್ಲಾಸ್‌ರೂಮು. ವಿಧಾನ ಹಳೆಯದೇ. ಮೇಷ್ಟ್ರು ಹೇಳಬೇಕು, ಉಳಿದವರು ಒಟ್ಟಾಗಿ ವಾಪಸ್ ಹೇಳಬೇಕು. ನಾವೆಲ್ಲ ಇಂಗ್ಲಿಷ್ ಕಲಿತದ್ದೂ ಹೀಗೇ ಅಲ್ಲವೆ? ‘ಸ್ಟ್ಯಾಂಡ್ ಅಪ್’ ಎಂದು ಕೂತಲ್ಲೇ ಕೂಗಿದವರು ನಾವು.

ಈಗ ಮರಗಸಿಯ ಸಮಯ. ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿಯುವ ಕೆಲಸ. ಮರದ ಮೇಲಿದ್ದವನು ‘ಹಿಂದೆ ಸರಿ’ ಎಂದು ಕೂಗಿದರೆ ಕೆಳಗಿದ್ದವರು ಜಾಗ ಖಾಲಿ ಮಾಡಬೇಕು. ಅರ್ಥವನ್ನು ನನ್ನ ಹರಕು ಹಿಂದಿಯಲ್ಲಿ ವಿವರಿಸಿ, ‘ಹಿಂದೆ ಸರಿ’ ಎಂದೆ. ಕ್ಲಾಸು ಒಟ್ಟಾಗಿ ‘ಹಿಂದೆ ಸರಿ’ ಎಂದಿತು. ಒಬ್ಬರೂ ಒಂದಿಂಚು ಕದಲಲಿಲ್ಲ. ಅದು ನನಗೆ ಕಾಣಲೂ ಇಲ್ಲ.

ಆಮೇಲೆ ಟೆಸ್ಟ್. ಬಿಮಲ್ ಎಂಬ ಯುವಕ ಹೇಳಿದ್ದನ್ನೆಲ್ಲ ಮುತ್ತಿನಂತೆ ಒಪ್ಪಿಸಿದ. ಹತ್ತಕ್ಕೆ ಹತ್ತು. ಫುಲ್‌ಮಣಿ ಎಂಬ ಹೆಂಗಸಿಗೆ ಸೊನ್ನೆ. ಮೂರು ತಿಂಗಳಿಂದ ಆಕೆ ಬಾಯೇ ಬಿಟ್ಟಿರಲಿಲ್ಲ. ಕೂತು ನೋಡುತ್ತಿದ್ದಳು, ಅಷ್ಟೆ.

ಮಂಗಳವಾರ ಹೊಸ ನೋಟ್‌ಬುಕ್ ಕೊಡಲು ತೋಟಕ್ಕೆ ಹೋದೆ. ಅತ್ತಿಮರದ ಮೇಲೆ ಊರಿನವನೇ ಆದ ಲೋಕೇಶ ಕತ್ತಿ ಬೀಸುತ್ತಿದ್ದ. ಕೆಳಗೆ ಬಿಮಲ್, ಫುಲ್‌ಮಣಿ ಸೊಪ್ಪು ಎಳೆಯುತ್ತಿದ್ದರು. ಲಟಕ್ ಎಂದಿತು. ‘ಹಿಂದೆ ಸರಿ!’ ಲೋಕೇಶ ಕೂಗಿದ.

ಬಿಮಲ್ ನನ್ನ ಮುಖ ನೋಡಿದ. (ಮೇಷ್ಟ್ರು ಎದುರಿಗೇ ಇದ್ದಾರಲ್ಲ!) ಪಾಠ ಒಪ್ಪಿಸಿದ.

ಅಷ್ಟರಲ್ಲಿ ಫುಲ್‌ಮಣಿ ಅವನ ಕಾಲರ್ ಹಿಡಿದು ಎಳೆದಳು. ಇಬ್ಬರೂ ಕಾಫಿ ಗಿಡದ ಮೇಲೆ ಬಿದ್ದರು. ತೊಡೆ ದಪ್ಪದ ಕೊಂಬೆ ಅವನು ನಿಂತಿದ್ದ ಜಾಗಕ್ಕೇ ಬಿತ್ತು. ಅಲ್ಲಿ ಅವನ ಒಂದು ಚಪ್ಪಲಿ ಮಾತ್ರ ಉಳಿದಿತ್ತು.

ಮೇಸ್ತ್ರಿ ಸುಬ್ಬಣ್ಣ ಓಡಿ ಬಂದರು.

‘ಏನ್ ಮಾರಾಯ್ರೆ, ಸರಿ ಅಂದ್ರೆ ಮಗ್ಗಿ ಹೇಳ್ತಾನಲ್ಲ ಇವ! ನೀವ್ ಕಲ್ಸಿದ್ದಾ?’

‘ಹೌದು.’

‘ಚೆನ್ನಾಗ್ ಕಲ್ಸಿದೀರಿ ಬಿಡಿ. ಆಯಮ್ಮ ಹೆಂಗ್ ಪಾರಾದ್ಲು ನಿಮ್ ಕೈಯಿಂದ?’

ಬಿಮಲ್‌ನ ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಚಪ್ಪಲಿ ಹುಡುಕುತ್ತ ಪೆಚ್ಚಾಗಿ ನಗುತ್ತಿದ್ದ. ಆ ನಗು ಕಂಡ ಮೇಲೆಯೇ ನನಗೆ ಉಸಿರು ಬಂದದ್ದು. ಅಬ್ಬಾ!

ಮೇಸ್ತ್ರಿಯ ಪ್ರಶ್ನೆ ಮಾತ್ರ ಮನೆಯ ತನಕ ಬಂತು. ಫುಲ್‌ಮಣಿ ಇಷ್ಟು ದಿನ ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ನಮ್ಮ ಮನೆಯ ಕೂಸುಗಳೂ ಹಾಗೇ ಅಲ್ಲವೆ? ‘ಚೆಂಡು ತಾ’ ಎಂದರೆ ಅಂಬೆಗಾಲಿಟ್ಟು ಹೋಗಿ ತರುತ್ತವೆ. ಮಾತು ಬರುವುದು ಆಮೇಲೆ. ಮಗುವಿಗೆ ವರ್ಷಗಟ್ಟಲೆ ಕಾಯುವ ನಾವು, ಕ್ಲಾಸಿನಲ್ಲಿ ಎರಡನೇ ನಿಮಿಷಕ್ಕೇ ‘ಹೇಳು’ ಎಂದು ಪೀಡಿಸುತ್ತೇವೆ. ಅರ್ಥವಾಗಿದೆಯೇ ಎಂದು ನೋಡಲು ಬಾಯಿಯನ್ನೇ ಯಾಕೆ ನೋಡಬೇಕು?

ಮೊನ್ನೆ ಭಾನುವಾರ ಟೆಸ್ಟ್ ಬದಲಾಯಿತು. ಯಾರೂ ಮಾತಾಡುವಂತಿಲ್ಲ, ಮಾಡಿ ತೋರಿಸಬೇಕು. ಬುಟ್ಟಿ ಎತ್ತು. ಕತ್ತಿ ಕೆಳಗಿಡು. ಹಿಂದೆ ಸರಿ. ಬಿಮಲ್‌ನ ತುಟಿ ಅಲುಗಿತು. ನಾಲಿಗೆ ಕಚ್ಚಿಕೊಂಡ. ಆಮೇಲೆ ಎರಡು ಮಾರು ಹಿಂದಕ್ಕೆ ಜಿಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಖುಷಿಯಲ್ಲಿ ನಾನು ಕಣದ ತುಂಬ ಓಡಾಡುತ್ತಿದ್ದೆ. ಪಕ್ಕದಲ್ಲಿ ಒಣಹಾಕಿದ್ದ ಕಾಳುಮೆಣಸಿನ ಮೇಲೆ ಚಪ್ಪಲಿ ಕಾಲು ಇಡುವುದೊಂದೇ ಬಾಕಿ.

‘ಮೇಷ್ಟ್ರೇ, ಹಿಂದೆ ಸರಿ!’

ಫುಲ್‌ಮಣಿ! ಮೂರು ತಿಂಗಳಲ್ಲಿ ಆಕೆ ಆಡಿದ ಮೊದಲ ಕನ್ನಡ.

ನಾನು ವಾಪಸ್ ಹೇಳಲಿಲ್ಲ. ಸರಿದೆ.