ಕೊಡೆಕಡ್ಡಿಯ ಹೂವು

ಮಳೆಗಾಲದಲ್ಲಿ ಕೊಡೆ, ಸೆಕೆಗಾಲದಲ್ಲಿ ಫ್ಯಾನು ರಿಪೇರಿ ಮಾಡಿಕೊಂಡಿದ್ದ ಹೆಂಗಸು ಅವಳು. ಗಲ್ಲಿಯಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಕೊಡೆಯಕ್ಕ ಎಂದೇ ಕರೆಯುತ್ತಿದ್ದರು. 'ಗಿಡ್ಡಿ' ಎಂದು ಕರೆಯುವ ಧೈರ್ಯ ಇದ್ದದ್ದು ಒಬ್ಬನಿಗೇ, ವೆಲ್ಡಿಂಗ್ ಮಾಡುತ್ತಿದ್ದ ಅವಳ ಅಣ್ಣನಿಗೆ. ಒಂದೇ ಷೆಡ್ಡು, ಆ ಕಡೆ ಅವನ ಕಿಡಿ, ಈ ಕಡೆ ಅವಳ ಕಡ್ಡಿ, ತಂತಿ, ಸ್ಪ್ರಿಂಗು.

ಗೋದಾಮೊಂದರ ಚಾವಣಿಗೆ ಬೆಸುಗೆ ಹಾಕಲು ಹತ್ತಿದ ಅಣ್ಣ ಅಲ್ಲಿಂದ ಬಿದ್ದ. ಕತ್ತಿನ ಮೂಳೆ ಮುರಿದು, ಅದರಿಂದ ಕೆಳಗೆ ಏನೂ ಅವನ ಮಾತು ಕೇಳದಂತಾಯಿತು. ಉಳಿದದ್ದು ಬಾಯಿ. "ಕೆಲಸಕ್ಕೆ ಬರೋದನ್ನೆಲ್ಲ ತಗೊಂಡು, ತಂಟೆ ಮಾಡೋದನ್ನ ಮಾತ್ರ ಬಿಟ್ಟಿದಾನೆ ದೇವರು," ಎಂದು ಅಮ್ಮನನ್ನು ನಗಿಸಲು ನೋಡುತ್ತಿದ್ದ. ಅಮ್ಮ ನಗುತ್ತಿರಲಿಲ್ಲ. ಅವನ ಬಾಯಿ ಒರೆಸಿ ಒಳಗೆ ಹೋಗುತ್ತಿದ್ದಳು.

ಕೊಡೆಯಕ್ಕನ ಅಂಗಡಿಯ ಮುಂದೆ ಹಳೇ ಕೊಡೆಕಡ್ಡಿಗಳ ಒಂದು ಹೂವಿತ್ತು. ಗಿರಾಕಿಗಳನ್ನು ಸೆಳೆಯಲು ಮಾಡಿದ್ದು. ಯಾರಾದರೂ ಹಾದುಹೋದರೆ ತಟಕ್ಕನೆ ಬಿಚ್ಚಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಅಣ್ಣನಿಗೆ ವ್ಯಾಯಾಮ ಮಾಡಿಸುತ್ತಿದ್ದ ಡಾಕ್ಟರಮ್ಮ ಒಮ್ಮೆ ಗಲ್ಲಿಗೆ ಬಂದಾಗ ಅದನ್ನು ನೋಡಿ, "ನಮ್ಮ ಆಸ್ಪತ್ರೆ ವೇಟಿಂಗ್ ಹಾಲಿಗೆ ಇಂಥದ್ದೇ ದೊಡ್ಡದು ಮಾಡ್ಕೊಡಿ. ಕಾಯೋ ಜನಕ್ಕೆ ಹೊತ್ತು ಹೋಗುತ್ತೆ," ಎಂದರು. ಅಣ್ಣ ವಾರವಾರವೂ ಕಾಯುತ್ತಿದ್ದುದು ಅದೇ ಹಾಲಿನಲ್ಲಿ. ಅವಳು ಬೇರೇನೂ ಯೋಚಿಸದೆ ಒಪ್ಪಿಕೊಂಡಳು.

ಆಮೇಲೆ ಅವಳಿಗೆ ಊಟ ನಿದ್ದೆ ಮರೆತೇಹೋಯಿತು. ಆಳೆತ್ತರದ ಹೂವು, ಒಂದೊಂದು ಎಸಳಿಗೂ ಕಾರಿನ ವೈಪರಿನಿಂದ ಬಿಚ್ಚಿದ ಮೋಟಾರು, ನಡುವೆ ಎದುರಿಗಿನವರ ಚಲನೆ ಹಿಡಿಯುವ ಪುಟ್ಟ ಸೆನ್ಸರು. ವೆಲ್ಡಿಂಗ್ ಅವಳಿಗೆ ಬರುತ್ತಿರಲಿಲ್ಲ. ಅಣ್ಣ ಗಾಲಿಕುರ್ಚಿಯಲ್ಲಿ ಕೂತು ಹೇಳಿದಂತೆ ಕೈಯಾಡಿಸಿದಳು.

"ಇನ್ನೂ ಹತ್ರ ಹಿಡಿ. ಅಯ್ಯೋ, ಬೆಸುಗೆ ಅಲ್ಲ ಕಣೇ ಅದು, ಗಂಟು!"

"ನಿನ್ ಬಾಯಿಗೇ ಒಂದು ಬೆಸುಗೆ ಹಾಕ್ಬೇಕು."

ಬಿದ್ದ ಮೇಲೆ ಅವನು ಅಷ್ಟು ಗೆಲುವಾಗಿದ್ದದ್ದು ಆ ದಿನಗಳಲ್ಲೇ.

ಹೂವನ್ನು ಹಾಲಿನಲ್ಲಿ ನಿಲ್ಲಿಸಿದ ದಿನ ಅವಳು ಅಣ್ಣನನ್ನೇ ಮೊದಲು ಕರೆತಂದಳು. ಕುರ್ಚಿ ಹತ್ತಿರವಾಗುತ್ತಿದ್ದಂತೆ ಎಸಳುಗಳು ಸರಸರನೆ ಅರಳಿದವು. ಅಣ್ಣನ ಕಣ್ಣು ತುಂಬಿತು. "ನೀನು ಆ ಕಡೆ ಹೋಗು, ನಾನೊಬ್ನೇ ನೋಡ್ತೀನಿ," ಎಂದ. ಅವಳು ಕಂಬದ ಹಿಂದೆ ಸರಿದಳು. ಒಂದು ಗಳಿಗೆ ಕಳೆದು ಹೂವು ಮೆಲ್ಲಗೆ ಮುಚ್ಚಿಕೊಂಡಿತು. ಅವನು ಮಾತಾಡಿದ, ನಕ್ಕ, ಹುಬ್ಬು ಕುಣಿಸಿದ. ಅಷ್ಟು ಸಣ್ಣ ಚಲನೆ ಸೆನ್ಸರಿಗೆ ಕಾಣಲಿಲ್ಲ.

"ಅರಳಿದ್ದು ನೂಕಿದವಳಿಗೆ ಕಣೇ, ಕೂತವನಿಗಲ್ಲ," ಎಂದ ಅಣ್ಣ.

ಮನೆಗೆ ಬಂದವಳೇ ಅವಳು ಮತ್ತೆ ಕೆಲಸಕ್ಕೆ ಕೂತಳು. ಊದಿದರೆ ಅರಳುವಂತೆ ಮಾಡೋಣವೆಂದು ಅವನ ಕುರ್ಚಿಗೆ ಒಂದು ನಳಿಗೆ ಜೋಡಿಸಿ, ಮನೆಯಲ್ಲೇ ಊದಿಸಿ ನೋಡಿದಳು. ಅವನ ಉಸಿರಿಗೆ ಅಷ್ಟು ಬಲವಿರಲಿಲ್ಲ. "ಇನ್ನೊಂದ್ಸಲ ಅಣ್ಣ, ಇನ್ನೊಂದೇ ಸಲ," ಎಂದು ದಿನಾ ಗೋಗರೆದಳು. ಊದಿ ಊದಿ ಅವನ ಮುಖ ನೀಲಿಗಟ್ಟಿತು. ಕಡೆಗೆ ಅಮ್ಮ ನಳಿಗೆಯನ್ನೇ ಕಿತ್ತು ಅಂಗಳಕ್ಕೆ ಎಸೆದಳು. "ಅವನು ನಿನ್ನ ಅಣ್ಣನೋ, ತಿದಿಯೋ? ಯಾರಿಗೋಸ್ಕರ ಮಾಡ್ತಿದೀಯ ಇದನ್ನೆಲ್ಲ?"

ಅವಳು ಸಾಮಾನಿನ ಚೀಲ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಅಲ್ಲಿ ಕೂತು ಹೂವಿನ ನಡೆಯನ್ನೇ ತಿರುಗುಮುರುಗು ಮಾಡಿದಳು: ಚಲನೆ ಕಂಡರೆ ಮುಚ್ಚಬೇಕು, ಎಲ್ಲ ಸ್ತಬ್ಧವಾದರೆ ಅರಳಬೇಕು. ಅಲುಗಾಡದವನಿಗಾಗಿಯೇ ಅರಳುವ ಹೂವು! ದಾರಿಯುದ್ದಕ್ಕೂ ಹುಚ್ಚಿಯಂತೆ ತನ್ನಷ್ಟಕ್ಕೇ ನಗುತ್ತ ಮನೆಗೆ ಬಂದಳು.

ಹಾಲಿನಲ್ಲಿ ಮಾತ್ರ ಅದು ಸದಾ ಮುದುಡಿಕೊಂಡೇ ಇತ್ತು. ಜನ ಓಡಾಡುವ ಜಾಗ. ಕೂಸುಗಳು, ಸ್ಟ್ರೆಚರುಗಳು, ಬಾಗಿಲು ಬಡಿತ. ಕಸ ಗುಡಿಸುವವಳೊಬ್ಬಳು, "ಬೆಳಿಗ್ಗೆ ಬಾಗಿಲು ತೆಗೆದಾಗ ಅರಳ್ಕೊಂಡಿರುತ್ತೆ, ನನ್ನ ಮುಖ ನೋಡಿದ್ದೇ ಮುಚ್ಕೊಳ್ಳುತ್ತೆ. ನಾನೇನು ಮಾಡಿದೀನಿ ಅದಕ್ಕೆ?" ಎಂದು ದೂರಿದಳು.

ಮುಂದಿನ ವಾರ ಕೊಡೆಯಕ್ಕ ಅಣ್ಣನನ್ನು ತಂದು ಹೂವಿನೆದುರು ಕೂರಿಸಿದಳು. ಸುತ್ತ ಜನವೋ ಜನ. ಕಾದಳು, ಕಾದಳು. ಎಸಳು ಮಿಸುಕಲಿಲ್ಲ. ಕೊನೆಗೆ ಒಂದು ಬೆಂಚಿನ ಮೇಲೆ ಹತ್ತಿ ನಿಂತು ಕೈಮುಗಿದಳು.

"ದಯವಿಟ್ಟು ಯಾರೂ ಅಲುಗಬೇಡಿ! ಒಂದೇ ಒಂದು ನಿಮಿಷ. ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮಣ್ಣ ನೋಡ್ಬೇಕು!"

ಅವಳ ದನಿಯಲ್ಲಿ ಏನಿತ್ತೋ, ಜನ ನಿಂತಲ್ಲೇ ನಿಂತರು. ಔಷಧಿ ಚೀಟಿ ಹಿಡಿದಿದ್ದ ಮುದುಕ ಎತ್ತಿದ ಕೈ ಇಳಿಸಲಿಲ್ಲ. ನರ್ಸು ಬಾಗಿಲನ್ನು ಹಾಗೇ ಹಿಡಿದುಕೊಂಡಳು. ಬೆಂಚಿನ ಮೇಲೆ ಅವಳೂ ಉಸಿರು ಬಿಗಿಹಿಡಿದಳು. ಒಂದು ಎಸಳು ನಡುಗಿತು. ಮತ್ತೊಂದು ಎದ್ದಿತು. ಹೂವು ಅರ್ಧಕ್ಕೆ ಬಿಚ್ಚಿಕೊಂಡಿತು.

"ಗಿಡ್ಡಿ," ಎಂದ ಅಣ್ಣ, ಮೆಲ್ಲಗೆ. "ನಾನಿಲ್ಲಿ ಇಲ್ದೇ ಹೋಗಿದ್ರೂ ಇದು ಅರಳ್ತಿತ್ತು, ಅಲ್ವಾ?"

ಅಷ್ಟರಲ್ಲಿ ಯಾರದೋ ಮಗು ಚೀರಿ ಅಮ್ಮನ ಮಡಿಲಿನಿಂದ ಜಾರಿತು. ಎಸಳುಗಳು ರಪ್ಪನೆ ಮುಚ್ಚಿದವು. ಜನ ಮತ್ತೆ ತಮ್ಮ ಪಾಡಿಗೆ ನಡೆದಾಡತೊಡಗಿದರು. ಅವಳು ಬೆಂಚಿನಿಂದ ಇಳಿಯಲಾರದೆ ಅಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತಳು. ಎದ್ದುಬಂದು ಅವಳನ್ನು ಹಿಡಿದುಕೊಳ್ಳಲು ಅಣ್ಣನಿಗೆ ಆಗುವಂತಿರಲಿಲ್ಲ. "ಬಾರೇ ಇಲ್ಲಿ," ಎಂದು ಮತ್ತೆಮತ್ತೆ ಕರೆದ.

ಹೂವನ್ನು ಮೊದಲಿನಂತೆ ಮಾಡಿಬಿಡಿ ಎಂದು ಆಸ್ಪತ್ರೆಯವರು ಹೇಳಿಕಳಿಸಿದರು. ಅಣ್ಣನೂ, "ಪಾಪ, ಮಕ್ಕಳಾದ್ರೂ ಆಡ್ಕೊಳ್ಲಿ ಬಿಡು," ಎಂದ. ಅವಳೇ ಹೋಗಿ ಬದಲಿಸಿ ಬಂದಳು. ಈಗ ಮಕ್ಕಳು ಅದರ ಮುಂದೆ ಕುಣಿಯುತ್ತಾರೆ, ಅದೂ ಅರಳಿ ಮುಚ್ಚಿ ಕುಣಿಯುತ್ತದೆ.

ಅಣ್ಣನಿಗೆ ಈಚೆಗೆ ಮಾತೂ ಕಡಿಮೆಯಾಗಿದೆ. ಎದೆಯಲ್ಲಿ ಕಫ ಕಟ್ಟಿಕೊಂಡೇ ಇರುತ್ತದೆ. ಆದರೂ ವಾರಕ್ಕೊಮ್ಮೆ ಅವಳು ಅವನನ್ನು ಅಲ್ಲಿಗೆ ಕರೆದೊಯ್ಯುತ್ತಾಳೆ. ಕುರ್ಚಿಯನ್ನು ಹೂವಿನೆದುರು ನಿಲ್ಲಿಸಿ, ಅವನ ಬೆನ್ನ ಹಿಂದೆ ನಿಂತು ಎರಡೂ ಕೈ ಬೀಸುತ್ತಾಳೆ. ಕೈ ನಿಂತರೆ ಹೂವು ಮುಚ್ಚುತ್ತದೆ.

"ಜನ ನೋಡ್ತಿದಾರೆ ಕಣೇ. ಕೈ ನೋಯುತ್ತೆ, ಬಿಡು."

"ನೋಡ್ಲಿ. ನೀನು ಹೂವು ನೋಡು," ಎನ್ನುತ್ತಾಳೆ ಅವಳು, ತೋಳು ಸೋತು ಬರುತ್ತಿದ್ದರೂ ಬೀಸುತ್ತಲೇ.